ಕೊಂಡಿ ತೆಗೆದ ಡಬ್ಬಿ

ಕರಗಿದ ಪ್ಲಾಸ್ಟಿಕ್ ಅಚ್ಚಿನೊಳಗೆ ಹೇಗೆ ಹರಿಯುತ್ತದೆ ಎಂದು ಅಚ್ಚು ಕೊರೆಯುವ ಮೊದಲೇ ಕಂಪ್ಯೂಟರಿನಲ್ಲಿ ತೋರಿಸುವುದು ನನ್ನ ಕೆಲಸ. ತುಂಬುವ ಜಾಗ ಹಸಿರು, ತುಂಬದ ಜಾಗ ಕೆಂಪು. ಆ ದಿನ ದೊಡ್ಡಬಳ್ಳಾಪುರದ ಕಾರ್ಖಾನೆಯೊಂದರಲ್ಲಿ ಊಟದ ಡಬ್ಬಿಯ ಸರದಿ. ಮಧ್ಯಾಹ್ನ ಗಿರಾಕಿ ಬರುವವರಿದ್ದರು. ಚಿತ್ರ ಪೂರ್ತಿ ಹಸಿರಾಗಿದ್ದರೆ ಮಾತ್ರ ಆರ್ಡರು.

ಲೆಕ್ಕ ಬೇಗ ಮುಗಿಯಲೆಂದು ಡಬ್ಬಿಯ ಮೇಲಿನ ಹೂವು, ಅಕ್ಷರಗಳನ್ನು ಚಿತ್ರದಿಂದ ತೆಗೆದೆ. "ಇದಕ್ಕೆ ಸರಳ ಮಾಡೋದು ಅಂತೀವಿ," ಎಂದು ಮಾಲೀಕರಿಗೆ ಹೇಳಿದೆ. ಸುಮ್ಮನಿರಬೇಕಿತ್ತು.

ಮುಚ್ಚಳದ ಕೊಂಡಿ ಕೆಂಪಾಗಿ ಬಂತು. ಮಾಲೀಕರು ಕುರ್ಚಿ ಹತ್ತಿರ ಎಳೆದುಕೊಂಡರು.

"ಮೇಡಂ, ಆ ಕೊಂಡೀನೂ ಸ್ವಲ್ಪ ಸರಳ ಮಾಡಿಬಿಡಿ."

"ಹೂವು ತೆಗೆದ್ರೆ ನಡಿಯುತ್ತೆ ಸರ್. ಕೊಂಡಿ ತೆಗೆದ್ರೆ ಡಬ್ಬಿ ಮುಚ್ಚೋದು ಹೇಗೆ?"

"ಕಂಪ್ಯೂಟರಲ್ಲಿ ಯಾರು ಮುಚ್ತಾರೆ ಹೇಳಿ. ಅವರು ಬಣ್ಣ ನೋಡೋಕೆ ಬರ್ತಿರೋದು."

"ಪ್ಲಾಸ್ಟಿಕ್ ಒಳಗೆ ಬಿಡೋ ಜಾಗ ಬದಲಾಯಿಸಿ ನೋಡೋಣ. ನಾಳೆವರೆಗೆ ಟೈಮ್ ಕೊಡಿ."

"ನಾಳೆ ಅವರು ಹೊಸೂರಿನವನ ಹತ್ರ ಹೋಗಿರ್ತಾರೆ," ಎಂದವರೇ ತಮ್ಮ ಇಂಜಿನಿಯರನ್ನು ಕೂಗಿದರು. ಅವನು ನನ್ನ ಮುಖ ನೋಡದೆ ಕೊಂಡಿ ಅಳಿಸಿದ. ಪರದೆ ಮಳೆ ಬಿದ್ದ ರಾಗಿ ಹೊಲದಂತಾಯಿತು.

ಗಿರಾಕಿ ಬಂದರು, ತಲೆದೂಗಿದರು, ಮೊಬೈಲಿನಲ್ಲಿ ಫೋಟೋ ತೆಗೆದುಕೊಂಡರು. "ಎಷ್ಟು ಚೆನ್ನಾಗಿ ಹರಿದಿದೆ ನೋಡಿ," ಎಂದು ನನಗೇ ವಿವರಿಸಿದರು. ಕೊಂಡಿ ಎಲ್ಲಿ ಎಂದು ಕೇಳಲಿಲ್ಲ. ಕೊಂಡಿ ತುಂಬುವುದಿಲ್ಲ ಎಂದು ನಾನೇ ಹೇಳಿದೆ. "ಅದೆಲ್ಲ ಮಿಷನ್ ಮೇಲೆ ಅಡ್ಜಸ್ಟ್ ಆಗುತ್ತೆ ಮೇಡಂ," ಎಂದು ಇಬ್ಬರೂ ಒಟ್ಟಿಗೆ ನಕ್ಕರು.

ಕೆಲವು ತಿಂಗಳ ಮೇಲೆ ಮಾಲೀಕರು ಒಂದು ಡಬ್ಬಿ ಉಡುಗೊರೆ ಕಳಿಸಿದರು. ಕೊಂಡಿ ಅರ್ಧಕ್ಕೇ ನಿಂತಿದೆ. ಊರೂರು ತಿರುಗುವಾಗ ಚಿತ್ರಾನ್ನಕ್ಕೆ ಅದೇ ನನ್ನ ಡಬ್ಬಿ, ರಬ್ಬರ್ ಬ್ಯಾಂಡ್ ಬಿಗಿದುಕೊಂಡು. ಬಣ್ಣ ಮಾತ್ರ ಒಳ್ಳೇ ಹಸಿರು.