ಬಾಯಿ ಇಲ್ಲದ ಚಿತ್ರ

ಡ್ರಾಯಿಂಗ್ ಮೇಷ್ಟ್ರ ಬಲಗೈ ಹೆಬ್ಬೆರಳು ಸದಾ ಕಪ್ಪಗಿರುತ್ತಿತ್ತು. ಪೆನ್ಸಿಲ್ ಗೆರೆಯನ್ನು ಅದರಿಂದಲೇ ತೀಡಿ ನೆರಳು ಮಾಡುತ್ತಿದ್ದರು. ಮರೆತು ಅದೇ ಬೆರಳಲ್ಲಿ ಮೂಗು ಒರೆಸಿಕೊಂಡು, ಮೂಗಿನ ಮೇಲೂ ಒಂದು ನೆರಳು ಹೊತ್ತು ಜಗಳೂರಿನ ಬೀದಿಯಲ್ಲಿ ಓಡಾಡುತ್ತಿದ್ದರು. ಕಂಪಾಸಿಲ್ಲದೆ ಒಂದೇ ಬೀಸಿಗೆ ಬೋರ್ಡಿನ ಮೇಲೆ ಸುತ್ತು ಬರೆದರೆ, ಆಹಾ, ಎಲ್ಲೂ ಒಂಚೂರು ನಡುಕವಿಲ್ಲ.

ನನ್ನ ಬಾಯಿಗೆ ಬೀಗ ಇಲ್ಲ ಅಂತ ಈಗ ಮನೆಯವರು ಬೈತಾರೆ. ಎಪ್ಪತ್ತರ ದಶಕದ ಕೊನೆಯಲ್ಲಿ, ಅವ್ವ ತೀರಿಹೋದ ವರ್ಷ, ನಾನು ಮಾತೇ ಬಿಟ್ಟಿದ್ದೆ. ಬೇಕೆಂದು ಬಿಟ್ಟದ್ದಲ್ಲ, ಮಾತು ಗಂಟಲಿಗೆ ಬಂದು ಅಲ್ಲೇ ಕೂತುಬಿಡುತ್ತಿತ್ತು. "ಹುಡುಗಿ ಮೂಗಿ ಆಗ್ಬಿಡ್ತಾಳೇನೋ" ಅಂತ ಅಜ್ಜಿ ಕಂಡಕಂಡವರ ಮುಂದೆ ಅಳುತ್ತಿದ್ದಳು.

ಒಂದು ಮಧ್ಯಾಹ್ನ ಮೇಷ್ಟ್ರು ನನ್ನನ್ನು ಕಿಟಕಿ ಪಕ್ಕ ಕೂರಿಸಿ ಬರೆದರು. ಬಿಸಿಲಲ್ಲಿ ಸೀಮೆಸುಣ್ಣದ ಧೂಳು ತೇಲುತ್ತಿತ್ತು. ಪೆನ್ಸಿಲ್ಲಿನ ಸರಸರ ಕೇಳುತ್ತಾ ನನಗೆ ಜೊಂಪು ಹತ್ತಿತ್ತು. ಮುಗಿದ ಮೇಲೆ ಹಾಳೆಯನ್ನು ಬೋರ್ಡಿಗೆ ಅಂಟಿಸಿದರು. ಜಡೆ, ಲಂಗ, ಮಡಿಲಲ್ಲಿ ಬಿಗಿಹಿಡಿದ ಮುಷ್ಟಿ, ಎಲ್ಲ ಇತ್ತು. ಬಾಯಿ ಇರಲಿಲ್ಲ.

"ಸಾರ್, ಬಾಯಿ ಮರ್ತೀರಿ!" ಹುಡುಗರು ಕಿರುಚಿದರು.

"ಮರ್ತಿಲ್ಲ. ಆಕೆ ಮಾತಾಡಿದ ದಿನ ಬರೀತೀನಿ. ಈಗ ಕಣ್ಣು ಅರ್ಧ ಮುಚ್ಚಿ ನೋಡ್ರಿ. ಈ ಹುಡುಗಿ ಮನಸಿನಾಗೆ ಏನೈತೆ?"

ಇದು ಅವರ ಮಾಮೂಲಿ ಪಾಠ. ಕಣ್ಣು ಕಿರಿದು ಮಾಡಿದರೆ ಗೆರೆ ಕರಗಿ ಬರೀ ಬೆಳಕು, ಕತ್ತಲೆ ಉಳಿಯುತ್ತದೆ. ಇಡೀ ಕ್ಲಾಸು ನಿದ್ದೆಗಣ್ಣಲ್ಲಿ ನೋಡಿತು, ನಾನೂ ನೋಡಿದೆ. ಭುಜದ ಗೆರೆ ಇದೆಯೋ ಇಲ್ಲವೋ ಅನ್ನುವಷ್ಟು ತೆಳ್ಳಗೆ. ಮುಷ್ಟಿ ಮಾತ್ರ ಪೆನ್ಸಿಲ್ ಒತ್ತಿ ಒತ್ತಿ ಕಪ್ಪಾಗಿತ್ತು.

"ಸಿಟ್ಟು ಸಾರ್. ಹೊಡಿಯಾಕೆ ಮುಷ್ಟಿ ಹಿಡಿದಾಳೆ."

"ಅಲ್ಲ, ಹೆದರ್ಕೊಂಡಾಳೆ."

"ಸಿಟ್ಟೇ ಇರ್ಬೇಕು" ಅಂದರು ಮೇಷ್ಟ್ರು. "ಇಷ್ಟು ಒತ್ತಿ ಬರೆದೀನಿ ಅಂದ್ರೆ..."

ನನಗೆ ಉರಿದುಹೋಯಿತು. "ಸಿಟ್ಟಲ್ಲ ಸಾರ್! ಕೈಯಾಗೆ ಶೇಂಗಾ ಐತೆ!"

ಹುಡುಗರೆಲ್ಲ ನನ್ನ ಕಡೆ ತಿರುಗಿದರು. ಮುಷ್ಟಿ ಬಿಚ್ಚಿ ತೋರಿಸಿದೆ. ಹುರಿದ ಶೇಂಗಾ ಬೆವರಿಗೆ ಮೆತ್ತಗಾಗಿತ್ತು. "ಅವ್ವ ಕೊಡ್ತಿದ್ಲು ಸಾರ್" ಅಂದೆ. ಸ್ಕೂಲಿಗೆ ಹೊರಡುವಾಗ ಅವ್ವ ದಿನಾ ಕೊಡುತ್ತಿದ್ದ ಹಿಡಿ ಶೇಂಗಾವನ್ನು ಈಗ ಅಜ್ಜಿ ಕೊಡುತ್ತಿದ್ದಳು. ತಿನ್ನಲು ಮನಸ್ಸು ಬಾರದೆ ಸಂಜೆತನಕ ಹಿಡಿದೇ ಇರುತ್ತಿದ್ದೆ.

"ನಂಗೊಂದು ಕೊಡವ್ವ" ಅಂತ ಮೇಷ್ಟ್ರು ಒಂದು ಕಾಳು ತೆಗೆದು ಬಾಯಿಗೆ ಹಾಕಿಕೊಂಡರು. "ನೀನೂ ತಿನ್ನು."

ತಿಂದೆ. ಅವರು ಬೋರ್ಡಿನ ಕಡೆ ತಿರುಗಿ ಬಾಯಿ ಬರೆದರು.

ಆಮೇಲೆ ಅವರಿಗೆ ಹೊನ್ನಾಳಿಗೆ ವರ್ಗವಾಯಿತು, ಅಲ್ಲೇ ತೀರಿಕೊಂಡರಂತೆ. ಅವತ್ತು ನಿಜಕ್ಕೂ ಸಿಟ್ಟು ಅಂದುಕೊಂಡಿದ್ದರೋ, ನನ್ನನ್ನು ಕೆಣಕಲೆಂದೇ ಹಾಗಂದರೋ, ಕೇಳುವುದು ಉಳಿದೇಹೋಯಿತು. ಚಿತ್ರ ನನ್ನ ಹತ್ತಿರವಿದೆ. ಆಗಾಗ ತೆಗೆದು, ಕಣ್ಣು ಅರ್ಧ ಮುಚ್ಚದೆ, ಪೂರ್ತಿ ತೆರೆದು ನೋಡುತ್ತೇನೆ. ಇಡೀ ಹಾಳೆಯಲ್ಲಿ ಮೇಷ್ಟ್ರ ಕೈ ನಡುಗಿರುವುದು ಬಾಯಿಯ ಗೆರೆಯಲ್ಲಿ ಮಾತ್ರ.