ಪವಿತ್ರ ನಂದಿಸಿದ ಸೌದೆ ಒಲೆಗಳು

ಕೊಳ್ಳೇಗಾಲದ ಸೀಮೆಯ ಒಂದು ಸಣ್ಣ ಪಟ್ಟಣದಲ್ಲಿ, ರೇಷ್ಮೆ ನೂಲು ತೆಗೆಯುವವರ ಮನೆಯಲ್ಲಿ ಪವಿತ್ರ ಹುಟ್ಟಿ ಬೆಳೆದಳು. ಗೂಡು ಬೇಯಿಸುವ ಸೌದೆ ಒಲೆಯ ಹೊಗೆ ಕುಡಿದೂ ಕುಡಿದೂ ಅವಳ ತಾಯಿ ಉಬ್ಬಸದಿಂದ ತೀರಿಕೊಂಡಿದ್ದಳು. ಹಾಗಾಗಿ ಪುರಸಭೆಯ ಸದಸ್ಯೆಯಾದ ಮೇಲೆ, ಊರು ಹೊರಬಿಡುವ ಇಂಗಾಲವನ್ನು ತಗ್ಗಿಸುವ ಯೋಜನೆ ಸಭೆಗೆ ಬಂದಾಗ, ಸೌದೆ ಒಲೆ ನಿಲ್ಲಿಸಲು ಎಲ್ಲರಿಗಿಂತ ಮೊದಲು ಒಪ್ಪಿದವಳು ಅವಳೇ. ಕರೆಂಟಿನ ಬಾಯ್ಲರ್‌ಗೆ ಸಹಾಯಧನ ಕೊಡುವ ಮಾತಿತ್ತು. ಒಲೆಗಳು ಆರಿದವು, ಸಹಾಯಧನ ಮಾತ್ರ ಬರಲಿಲ್ಲ.

ತಾಯಿಯ ಜೊತೆ ನೂಲು ತೆಗೆಯುತ್ತಿದ್ದ ಗೌರಮ್ಮಣ್ಣಿ, ಬಾಯ್ಲರ್ ಕೊಳ್ಳಲಾಗದೆ ಆ ಕೆಲಸ ನಿಂತು, ಈಗ ಕಾಮಗೆರೆಯ ಕಡೆಗೆ ಹೊಲದ ಕೂಲಿಗೆ ಹೋಗುತ್ತಿದ್ದಳು. ಒಂದು ಬೆಳಿಗ್ಗೆ ಬಸ್ ಸ್ಟಾಂಡಿನಲ್ಲಿ ಸಿಕ್ಕಾಗ ಪವಿತ್ರ ಅವಳ ಕೈ ಹಿಡಿದುಕೊಂಡಳು.

"ಅವ್ವನ್ನ ನೆನೆಸ್ಕಂಡೇ ಮಾಡ್ದೆ ದೊಡ್ಡವ್ವ. ನಿಂಗೂ ಅಂಗಾಗ್ಬಾರ್ದು ಅಂತ."

"ಗೊತ್ತು ಕಣವ್ವ. ಕೆಮ್ಮೇನೋ ವಸಿ ಕಮ್ಮಿ ಆಗ್ಯದೆ," ಎಂದಳು ಗೌರಮ್ಮಣ್ಣಿ. "ಆದ್ರೆ ಈ ವಯಸ್ನಲ್ಲಿ ಕಳೆ ಕೀಳಕ್ಕೆ ಸೊಂಟ ಬಗ್ಗಾಕಿಲ್ಲ. ಒಪ್ಪೋಕ್ ಮುಂಚೆ ನಮ್ಮನ್ನೂ ಒಂದ್ ಮಾತು ಕೇಳ್ಬೋದಿತ್ತು."

ಮುಂದಿನ ಸಭೆಯಲ್ಲಿ ಪವಿತ್ರ ಸಹಾಯಧನಕ್ಕಾಗಿ ಜಗಳವನ್ನೇ ಆಡಿದಳು. ಬರುವ ವರ್ಷ ನೋಡೋಣ ಎಂಬ ಉತ್ತರ ಬಂತು. ಅದನ್ನು ಗೌರಮ್ಮಣ್ಣಿಗೆ ತಿಳಿಸುವ ಧೈರ್ಯ ಅವಳಿಗೆ ಇನ್ನೂ ಬಂದಿಲ್ಲ.