ತಮ್ಮನ ಪಾಲು

ಮಿಮಿಕ್ರಿ ನನಗಂಟಿದ ರೋಗ. ಟಿಕೋಟಾ ಬಸ್ಸಿನ ಕಂಡಕ್ಟರನಿಂದ ಹಿಡಿದು ಗಾಂಧಿ ಚೌಕದ ಬಾಳೆಹಣ್ಣಿನವಳವರೆಗೆ ಯಾರ ಧ್ವನಿಯನ್ನೂ ಬಿಟ್ಟವನಲ್ಲ. ಒಮ್ಮೆ ನನ್ನ ಧ್ವನಿಯನ್ನೇ ಅಣಕಿಸಿದೆ. ಯಾರೂ ನಗಲಿಲ್ಲ. ಅದರಲ್ಲಿ ಅಣಕಿಸುವಂಥದ್ದೇನೂ ಇಲ್ಲವಂತೆ.

ಹೋದ ವರ್ಷ ವಿಜಯಪುರದಲ್ಲಿ ಅಪ್ಪನ ಗಂಟಲಿನ ಗಡ್ಡೆ ತೆಗೆದರು. ಕೆಲವು ತಿಂಗಳು ಮಾತೇ ಆಡಬಾರದು ಎಂದರು ಡಾಕ್ಟರು. ಬಬಲೇಶ್ವರದಲ್ಲಿರುವ ನನ್ನ ಅತ್ತೆ, ಅಪ್ಪನ ಅಕ್ಕ, ಇದನ್ನು ತಾಳಿಕೊಳ್ಳುವವಳಲ್ಲ, ಹಾಗಾಗಿ ಅವಳಿಗೆ ಹೇಳಲೇ ಇಲ್ಲ. ಸಕ್ಕರೆ ಕಾಯಿಲೆಯಿಂದ ಅವಳ ಎರಡೂ ಕಣ್ಣು ಹೋಗಿದ್ದವು. ದಿನಾ ಸಂಜೆ ಫೋನಿನಲ್ಲಿ ಕೇಳುವ ಧ್ವನಿಯೇ ಅವಳಿಗೆ ತಮ್ಮ. ಅಪ್ಪ ಫೋನನ್ನು ನನ್ನ ಕೈಗಿಟ್ಟು, ತನ್ನ ಎದೆ ಮುಟ್ಟಿಕೊಂಡು, ನನ್ನ ಬಾಯಿ ತೋರಿಸಿದ. ಅಂದಿನಿಂದ ಫೋನಿನಲ್ಲಿ ನಾನೇ ಅಪ್ಪ.

"ನಿನ್ನ ಮಗ ಏನ ಮಾಡಾಕತ್ತಾನ?" ಎಂದು ಅತ್ತೆ ಕೇಳುವಳು.

"ಉಂಡು ಬಿದ್ದಾನ ಮಂಗ್ಯಾ" ಎಂದು ನನ್ನನ್ನು ನಾನೇ ಬೈದುಕೊಳ್ಳುತ್ತಿದ್ದೆ.

ನಾಗರ ಪಂಚಮಿ ಬಂತು. ತಮ್ಮ ಖುದ್ದಾಗಿ ಬಂದು ಕರೆದರೇ ಅತ್ತೆ ತವರಿಗೆ ಹೊರಡುವುದು. ಅಷ್ಟರಲ್ಲಿ ಅಪ್ಪನಿಗೆ ಮಾತು ಮರಳಿತ್ತು, ಆದರೆ ಧ್ವನಿ ಬೇರೆಯಾಗಿತ್ತು, ಜೋಳದ ಒಣ ಕಣಿಕೆ ಉಜ್ಜಿದ ಹಾಗೆ. ಅಕ್ಕನನ್ನು ತಾನೇ ಕರೆತರುವೆನೆಂದು ಇಸ್ತ್ರಿಯ ಅಂಗಿ ತೊಟ್ಟು ಹೊರಟ. ಜೊತೆಗೆ ನಾನು.

ಅತ್ತೆ ಕಟ್ಟೆಯ ಮೇಲೆ ಕೂತಿದ್ದಳು.

"ಯಕ್ಕಾ, ಪಂಚಮಿಗಿ ಕರ್ಯಾಕ ಬಂದೇನಿ" ಎಂದ ಅಪ್ಪ.

ಅತ್ತೆ ನಕ್ಕಳು. "ಲೇ ಮಂಗ್ಯಾ, ಊರ ಮಂದಿದೆಲ್ಲಾ ನಕಲಿ ಮಾಡ್ತಿ, ನಿಮ್ಮಪ್ಪಂದ ಬರೂದಿಲ್ಲ ನೋಡು."

"ಅತ್ತಿ, ನಾ ಇಲ್ಲಿ ಅದೇನಿ. ಅಂವ ಖರೇನ ಅಪ್ಪ" ಎಂದೆ.

"ಎರಡೂ ನಿನ್ನ ಬಾಯೇ. ನಾ ಕುರುಡಿ ಅದೇನಿ, ಹುಚ್ಚಿ ಅಲ್ಲ."

ಅಪ್ಪ ಅವಳ ಕೈಯನ್ನು ತನ್ನ ಕೊರಳಿಗೆ ಇಟ್ಟುಕೊಂಡ. ಬೆರಳು ಹೊಲಿಗೆಯ ಗೆರೆ ಹತ್ತಿರ ನಿಂತಿತು. "ನನ್ನ ತಮ್ಮಗ ಇಲ್ಲಿ ಗಾಯ ಇಲ್ಲ. ಯಾರಪ್ಪಾ ನೀನು? ಇವನ ದೋಸ್ತೇನು?"

ಆಪರೇಶನ್ ಆದದ್ದನ್ನೆಲ್ಲ ಹೇಳಿದೆ. "ಗಂಟಲಾ ಕೊಯಿಸ್ಕೊಂಡಾಂವ ದಿನಾ ನನ್ನ ಜೋಡಿ ಹೆಂಗ ಮಾತಾಡ್ಯಾನ?" ಎಂದಳು.

"ಮಾತಾಡಿದಾಂವ ನಾನ, ಅತ್ತಿ."

"ಹೂಂ, ನೀನ. ನಾಳೆ ನಿಮ್ಮಪ್ಪನ್ನ ಹಡದಾಂವನೂ ನಾನ ಅಂತಿ. ನನ್ನ ತಮ್ಮ ಬರ್ಲಿ, ಅಲ್ಲೀತನಕ ನಾ ಏಳೂದಿಲ್ಲ."

ಅಪ್ಪ ಗೋಡೆಗೆ ಒರಗಿ ಕೂತ. ನನ್ನತ್ತ ತಿರುಗಿ, ಮೊದಲಿನಂತೆಯೇ, ಎದೆ ಮುಟ್ಟಿಕೊಂಡು ನನ್ನ ಬಾಯಿ ತೋರಿಸಿದ.

"ಯಕ್ಕಾ, ಏಳು. ಬಸ್ಸಿಗಿ ಹೊತ್ತಾತು" ಎಂದೆ.

"ಈಗ ಬಂದೇನೋ ತಮ್ಮಾ?" ಅತ್ತೆ ಚಪ್ಪಲಿ ಹುಡುಕತೊಡಗಿದಳು.

ಬಸ್ಸಿನಲ್ಲಿ ಅವಳು ನನ್ನ ತೋಳು ಹಿಡಿದು ಕೂತಳು. ಹಿಂದಿನ ಸೀಟಿನಲ್ಲಿ ಅವಳ ಚೀಲ ಇಟ್ಟುಕೊಂಡು ಅಪ್ಪ. ದಾರಿಯುದ್ದಕ್ಕೂ ಅಪ್ಪನ ಹಳೆಯ ಧ್ವನಿಯನ್ನು ನೆನೆಯಲು ನೋಡಿದೆ. ನೆನಪಾದದ್ದೆಲ್ಲ ನಾನು ಮಾಡುವ ಅಪ್ಪ. ಇಳಿದ ಮೇಲೆ ಅಪ್ಪನ ಕಿವಿಯಲ್ಲಿ ಪಿಸುಗುಟ್ಟಿದೆ, "ಅಪ್ಪಾ, ನೀ ಖರೇನ ಹಂಗ ಮಾತಾಡ್ತಿದ್ದೇನು?"

"ನನಗೂ ನೆನಪಿಲ್ಲೋ" ಎಂದ.

ಮನೆಯಲ್ಲಿ ಮಣ್ಣಿನ ನಾಗಪ್ಪನಿಗೆ ಹಾಲೆರೆಯುವಾಗ ಅತ್ತೆಯ ಕೈ ದಾರಿ ತಪ್ಪದಂತೆ ಅಪ್ಪ ಹಿಡಿದುಕೊಂಡಿದ್ದ, ಬಾಯಿ ಬಿಡದೆ. ಎಲ್ಲರ ಹೆಸರಿನಲ್ಲಿ ಒಂದೊಂದು ಸಲ ಎರೆಯುವುದು ನಮ್ಮಲ್ಲಿ ಪದ್ಧತಿ.

"ದೇವರ ಪಾಲು. ಹಿರ್ಯಾರ ಪಾಲು. ತಮ್ಮನ ಪಾಲು."

ಅವಳ ಕೈ ತಡೆದು ನಿಂತಿತು. ಹೆಬ್ಬೆರಳು ಗುರುತು ಹುಡುಕುವಂತೆ ಅಪ್ಪನ ಮಣಿಕಟ್ಟಿನ ಮೇಲೆ ಮೆಲ್ಲಗೆ ಆಡಿತು. ಮತ್ತೆ ಹಾಲು ಎರೆದಳು. "ತಮ್ಮನ ಪಾಲು."

ಅಪ್ಪ ನನ್ನನ್ನು ನೋಡಿದ. ನಾನು ಅಪ್ಪನನ್ನು ನೋಡಿದೆ.

"ಮಂಗ್ಯಾ ಎಲ್ಲಿ ಅದಾನ? ಅವನ ಪಾಲೂ ಎರೀಬೇಕಲ್ಲ" ಎಂದಳು ಅತ್ತೆ.

ಓ ಎನ್ನಲು ಬಾಯಿ ತೆರೆದೆ. ಯಾವ ಧ್ವನಿಯಲ್ಲಿ ಅನ್ನಬೇಕೆಂಬುದೇ ಹೊಳೆಯಲಿಲ್ಲ.